ಎತ್ತರವಿತ್ತು, ಪಂದ್ಯಗಳಿರಲಿಲ್ಲ

ಪಂಜಾಬಿನ ಬರ್ನಾಲಾ ಜಿಲ್ಲೆಯಲ್ಲಿ ಬಲ್ಲೋಕೆ ಎಂಬ ಹಳ್ಳಿ ಇದೆ. ಅಲ್ಲಿನ ರೈತ ಬಲಬೀರ್ ಸಿಂಗ್ ಭಮಾರಾ ಅವರದು ಏಳಡಿ ದಾಟಿದ ಎತ್ತರ. ಹರೆಯದಲ್ಲಿ ಅವರಿಗೆ ಬಾಸ್ಕೆಟ್‌ಬಾಲ್ ಆಡುವ ಆಸೆ ಇತ್ತು. ಮನೆಯಲ್ಲಿ ಒಪ್ಪಲಿಲ್ಲ. ಹೊಲ ಇತ್ತು, ಹಿಟ್ಟಿನ ಗಿರಣಿ ಇತ್ತು, ದುಡಿಯುವ ಕೈ ಬೇಕಿತ್ತು. ಆಟದ ಮಾತು ಅಲ್ಲಿಗೇ ಮುಗಿಯಿತು.

1995ರ ಡಿಸೆಂಬರ್ 10ರಂದು ಹುಟ್ಟಿದ ಮಗ ಸತ್ನಾಮ್ ಒಂಬತ್ತು ಹತ್ತು ವರ್ಷಕ್ಕೇ ಊರಿನ ದೊಡ್ಡವರ ಸಮಕ್ಕೆ ಬೆಳೆದು ನಿಂತಾಗ ಅಪ್ಪ ಬೇರೆ ದಾರಿ ಹಿಡಿದರು. ತನಗೆ ತಪ್ಪಿದ್ದು ಮಗನಿಗೆ ತಪ್ಪಬಾರದೆಂದು ಅವನನ್ನು ಲೂಧಿಯಾನಾ ಬಾಸ್ಕೆಟ್‌ಬಾಲ್ ಅಕಾಡೆಮಿಗೆ ಸೇರಿಸಿದರು. ಸುಮಾರು ಹತ್ತು ವರ್ಷದ ನಂತರ, 2015ರ ಜೂನ್ 25ರ ರಾತ್ರಿ, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸುವ ‘ಡ್ರಾಫ್ಟ್’ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದಾಗ 52ನೆಯ ಹೆಸರಾಗಿ ಸತ್ನಾಮ್ ಸಿಂಗ್ ಭಮಾರಾ ಎಂದು ಕೂಗಿದರು. ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವನನ್ನು ಆರಿಸಿಕೊಂಡಿತ್ತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವನು.

ಆ ಹುಡುಗ ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಡ್ರಾಫ್ಟ್ ಆದ ವರ್ಷ ಅವನ ಹೆಸರು ಹೇಳಿ ಕುಣಿದ ನಾವು ಎರಡೇ ವರ್ಷದಲ್ಲಿ ಅವನನ್ನು ಮರೆತೆವು. ‘ದೇಹ ಇತ್ತು, ಆಟ ಇರಲಿಲ್ಲ’ ಎಂಬ ಒಂದು ಸಾಲಿನ ತೀರ್ಪು ಕೊಟ್ಟು ಕಡತ ಮುಚ್ಚಿದೆವು. ಆ ಕಡತವನ್ನು ಮತ್ತೆ ಬಿಚ್ಚಿ ಓದಬೇಕಾದ ಕಾರಣ ನಮ್ಮ ಗಡಿಸೀಮೆಯಲ್ಲೇ ಇದೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈಗ ತೆಲಂಗಾಣದಲ್ಲಿವೆ. ಆದರೆ ಬೀದರ್, ಚಿಂಚೋಳಿ, ಸೇಡಂ ಕಡೆಯ ಕನ್ನಡ ಇಲ್ಲಿನ ಮನೆಗಳಲ್ಲೂ ಸಂತೆಗಳಲ್ಲೂ ಇದೆ. ಕಬ್ಬು, ತೊಗರಿ, ಫರಸಿ ಕಲ್ಲಿನ ಗಣಿ ಇಲ್ಲಿನ ಬದುಕು. ಇಲ್ಲೂ ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಒಂದು ತಲೆ ಮೇಲೆ ನಿಲ್ಲುವ ಹುಡುಗ, ಹುಡುಗಿ ಇದ್ದೇ ಇರುತ್ತಾರೆ. ಅಂಥ ಹುಡುಗನನ್ನು ಕಂಡಾಗ ಹಿರಿಯರು ಹೇಳುವ ಮಾತು ಒಂದೇ: ‘ಎಷ್ಟ್ ಎತ್ತರ ಬೆಳ್ದಿ ತಮ್ಮಾ, ಪೊಲೀಸ್ ಭರ್ತಿಗಿ ಹೋಗು.’ ಪ್ರೀತಿಯ ಮಾತೇ ಅದು. ಆದರೆ ಆ ಎತ್ತರಕ್ಕೆ ಬೇರೊಂದು ಉಪಯೋಗವೂ ಇದೆ, ಅದಕ್ಕೆ ಹತ್ತನೆಯ ವಯಸ್ಸಿನಲ್ಲೇ ಕೆಲಸ ಶುರುವಾಗಬೇಕು ಎಂದು ಹೇಳುವವರು ಸಿಗುವುದಿಲ್ಲ. ಆ ಮಾತು ಹೇಳಲು ಸತ್ನಾಮ್‌ನ ಕಥೆಗಿಂತ ದೊಡ್ಡ ಪಾಠ ನಮ್ಮ ದೇಶದಲ್ಲಿಲ್ಲ.

ಲೂಧಿಯಾನಾದಿಂದ ಫ್ಲಾರಿಡಾಕ್ಕೆ

ಭಾರತಕ್ಕೆ ಬಾಸ್ಕೆಟ್‌ಬಾಲ್ ಬಂದದ್ದು ವೈಎಂಸಿಎ ಮೂಲಕ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಮೇಷ್ಟ್ರುಗಳು ಅದನ್ನು ದಕ್ಷಿಣದ ಶಾಲೆಗಳಿಗೆ ಕೊಂಡೊಯ್ದರು. ಬೆಂಗಳೂರು, ಮಂಡ್ಯ, ಹೈದರಾಬಾದ್, ಸಿಕಂದರಾಬಾದ್‌ಗಳಲ್ಲಿ ಆಟ ಹಬ್ಬಿದ್ದು ಹಾಗೆ. 1934ರಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್, 1950ರಲ್ಲಿ ರಾಷ್ಟ್ರೀಯ ಫೆಡರೇಷನ್, 1980ರಲ್ಲಿ ಮಾಸ್ಕೊ ಒಲಿಂಪಿಕ್ಸ್. ಭಾರತ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದು ಅದೊಂದೇ ಸಲ. ರೈಲ್ವೆ, ಸೇನೆ, ಒಎನ್‌ಜಿಸಿ, ಪೊಲೀಸ್ ಇಲಾಖೆಗಳು ಆಟಗಾರರಿಗೆ ನೌಕರಿ ಕೊಟ್ಟು ಆಟವನ್ನು ಉಳಿಸಿದವು. ಆ ಉಪಕಾರ ದೊಡ್ಡದು. ಆದರೆ ವರ್ಷವಿಡೀ ನಡೆಯುವ ಲೀಗ್ ಮಾತ್ರ ಹುಟ್ಟಲಿಲ್ಲ.

ಲೂಧಿಯಾನಾದಲ್ಲಿ ಕೋಚ್ ಡಾ. ಎಸ್. ಸುಬ್ರಮಣಿಯನ್ ಪಂಜಾಬಿನ ಹಳ್ಳಿಗಳ ಎತ್ತರದ ಮಕ್ಕಳನ್ನು ಒಂದೆಡೆ ಕೂಡಿಸಿ ಕಲಿಸುತ್ತಿದ್ದರು. ಮೊದಲು ಕಾಲು ಇಡುವುದನ್ನು, ಆಮೇಲೆ ಚೆಂಡು ಹಿಡಿಯುವುದನ್ನು. ಭಾರತದ ತಂಡಕ್ಕೆ ಆಡಿದ ಎಷ್ಟೋ ಹುಡುಗರು ಅವರ ಕೈಯಲ್ಲಿ ಪಳಗಿದವರು. ಸತ್ನಾಮ್‌ಗೆ ಸಿಕ್ಕ ಮೊದಲ ಗುರು ಅವರು. ಶಿಷ್ಯ ಡ್ರಾಫ್ಟ್ ಆಗುವುದನ್ನು ನೋಡಲು ಅವರಿರಲಿಲ್ಲ, 2013ರಲ್ಲಿ ತೀರಿಕೊಂಡರು.

2010ರಲ್ಲಿ ಐಎಂಜಿ–ರಿಲಯನ್ಸ್ ವಿದ್ಯಾರ್ಥಿವೇತನ ಸಿಕ್ಕಿ ಹದಿನಾಲ್ಕರ ಸತ್ನಾಮ್ ಅಮೆರಿಕದ ಫ್ಲಾರಿಡಾದ ಬ್ರಾಡೆಂಟನ್‌ನಲ್ಲಿರುವ ಐಎಂಜಿ ಅಕಾಡೆಮಿಗೆ ಹೋದ. ಅವನಿಗೆ ಪಂಜಾಬಿ ಬಿಟ್ಟರೆ ಹಿಂದಿ ಅಷ್ಟಿಷ್ಟು, ಇಂಗ್ಲಿಷ್ ಇಲ್ಲ. ಕೋಚ್ ಹೇಳಿದ್ದು ತಿಳಿಯದೆ ಪಕ್ಕದ ಹುಡುಗ ಮಾಡಿದ್ದನ್ನು ನೋಡಿ ಮಾಡಬೇಕಾದ ಸ್ಥಿತಿ. ಅಲ್ಲೇ ಐದು ವರ್ಷ ಕಳೆಯಿತು. ಎತ್ತರ ಏಳಡಿ ಎರಡಂಗುಲಕ್ಕೆ ಬಂತು, ತೂಕ 130 ಕಿಲೋ ಆಸುಪಾಸಿಗೆ. ನಡುವೆ 2011ರಲ್ಲಿ, ಹದಿನೈದನೆಯ ವಯಸ್ಸಿಗೆ, ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹಿರಿಯರ ತಂಡಕ್ಕೂ ಆಡಿದ.

ಇಲ್ಲೊಂದು ಕೊಂಡಿ ಕಳಚಿತು. ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದ ಆಟಗಾರ ಸಾಮಾನ್ಯವಾಗಿ ಕಾಲೇಜು ತಂಡಕ್ಕೆ ಹೋಗುತ್ತಾನೆ. ಅಲ್ಲಿ ವರ್ಷಕ್ಕೆ ಮೂವತ್ತರಷ್ಟು ಪಂದ್ಯ, ತುಂಬಿದ ಮೈದಾನ, ತನಗಿಂತ ಬಲಿತವರ ಎದುರು ಆಟ. ಕಾಲೇಜು ತಂಡದಲ್ಲಿ ಆಡಲು ಓದಿನ ಅರ್ಹತೆಯೂ ಬೇಕು. ಹದಿನಾಲ್ಕಕ್ಕೆ ಭಾಷೆಯೇ ಗೊತ್ತಿಲ್ಲದೆ ಹೋದ ಸತ್ನಾಮ್‌ಗೆ ಆ ಅರ್ಹತೆ ಕೈಗೂಡಲಿಲ್ಲ. ನೇರವಾಗಿ ಡ್ರಾಫ್ಟ್‌ಗೆ ಹೆಸರು ಕೊಟ್ಟ.

52ನೆಯ ಹೆಸರು

ಎನ್‌ಬಿಎ ಡ್ರಾಫ್ಟ್‌ನಲ್ಲಿ ಎರಡು ಸುತ್ತು, ಒಟ್ಟು 60 ಹೆಸರು. ಮೊದಲ ಸುತ್ತಿನ ಮೂವತ್ತು ಮಂದಿಗೆ ಒಪ್ಪಂದ ಖಾತ್ರಿ. ಎರಡನೆಯ ಸುತ್ತಿನವರಿಗೆ ಖಾತ್ರಿ ಇಲ್ಲ. ಅವರ ಮೇಲಿನ ಹಕ್ಕು ತಂಡಕ್ಕೆ ಸೇರುತ್ತದೆ, ಕೆಲಸ ಕೊಡುವುದು ಬಿಡುವುದು ತಂಡದ ಇಷ್ಟ. 52 ಎಂದರೆ ಹೆಚ್ಚುಕಡಿಮೆ ತುದಿ. ಭಾರತದ ಪತ್ರಿಕೆಗಳಲ್ಲಿ ಅಂದು ‘ಎನ್‌ಬಿಎ ಸೇರಿದ ಮೊದಲ ಭಾರತೀಯ’ ಎಂಬ ತಲೆಬರಹಗಳು ಬಂದವು. ನಿಜಕ್ಕೆ ಅವನಿಗೆ ಸಿಕ್ಕಿದ್ದು ಬಾಗಿಲ ಹೊರಗೆ ಕಾಯುವ ಅವಕಾಶ.

ಆ ಆಯ್ಕೆಯಲ್ಲಿ ಇನ್ನೊಂದು ದಾಖಲೆ ಅಡಗಿತ್ತು. 2005ರ ಡ್ರಾಫ್ಟ್ ನಂತರ ವಯಸ್ಸಿನ ನಿಯಮ ಬದಲಾಗಿ, ಹೈಸ್ಕೂಲಿನಿಂದ ನೇರ ಜಿಗಿಯುವ ದಾರಿ ಮುಚ್ಚಿತ್ತು. ಅಲ್ಲಿಂದೀಚೆಗೆ ಕಾಲೇಜಿನಲ್ಲೂ ಆಡದೆ, ಹೊರದೇಶದ ವೃತ್ತಿಪರ ಲೀಗ್‌ನಲ್ಲೂ ಆಡದೆ, ಎನ್‌ಬಿಎಯ ಕೆಳಹಂತದ ಡಿ-ಲೀಗ್‌ನಲ್ಲೂ ಆಡದೆ ಡ್ರಾಫ್ಟ್ ಆದ ಮೊದಲ ಆಟಗಾರ ಸತ್ನಾಮ್. ಅಂದು ಇದನ್ನು ಹೆಮ್ಮೆಯ ದಾಖಲೆಯೆಂದು ಬರೆದರು. ನನಗೆ ಇಡೀ ಕಥೆಯ ಬೀಗದ ಕೈ ಇದರಲ್ಲೇ ಕಾಣುತ್ತದೆ. ಅವನ ಜೊತೆ ಡ್ರಾಫ್ಟ್ ಆದ ಪ್ರತಿಯೊಬ್ಬನೂ ದೊಡ್ಡವರ ಆಟವನ್ನು ಒಂದು ಸೀಸನ್ನಾದರೂ ಆಡಿ ಬಂದಿದ್ದ. ಇವನೊಬ್ಬ ಆಡಿರಲಿಲ್ಲ.

ಫ್ರಿಸ್ಕೊದಲ್ಲಿ ಮೊದಲ ಸೀಸನ್

ಜುಲೈಯಲ್ಲಿ ಲಾಸ್ ವೇಗಸ್‌ನ ಸಮ್ಮರ್ ಲೀಗ್‌ನಲ್ಲಿ ಮ್ಯಾವರಿಕ್ಸ್ ಅಂಗಿ ತೊಟ್ಟು ಆಡಿದ. ಆಮೇಲೆ ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊದ ಡಿ-ಲೀಗ್ ತಂಡ ಟೆಕ್ಸಾಸ್ ಲೆಜೆಂಡ್ಸ್‌ಗೆ ಕಳಿಸಿದರು. 2015-16, 2016-17 ಎರಡೂ ಸೀಸನ್ ಅಲ್ಲೇ. ಆಡಲು ಸಿಕ್ಕ ಪಂದ್ಯ ಕಡಿಮೆ, ಸಿಕ್ಕ ಪಂದ್ಯದಲ್ಲೂ ನಿಮಿಷಗಳು ಬೆರಳೆಣಿಕೆಯಷ್ಟು. ಗಳಿಸಿದ ಅಂಕಗಳೂ ಅಷ್ಟೇ.

ಅವನಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಡ್ರಾಫ್ಟ್‌ಗೆ ಮೊದಲೇ ನೋಡಿದವರಿಗೆ ಗೊತ್ತಿತ್ತು. ಕೈ ಮೃದು. ಆ ಗಾತ್ರದ ಆಟಗಾರನಿಗೆ ಅಪರೂಪವಾದ ಒಳ್ಳೆಯ ಶಾಟ್ ಇತ್ತು. ರಿಂಗ್ ಕೆಳಗೆ ಬೆನ್ನು ಕೊಟ್ಟು ನಿಂತರೆ ಅವನನ್ನು ಅಲುಗಿಸುವುದು ಕಷ್ಟ. ಕಷ್ಟ ಇದ್ದದ್ದು ಕಾಲಿನಲ್ಲಿ.

ಒಂದೇ ಒಂದು ಆಟವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಎದುರಾಳಿ ಗಾರ್ಡ್ ಚೆಂಡು ಬಡಿಯುತ್ತ ಬರುತ್ತಾನೆ. ಅವರ ಎತ್ತರದ ಆಟಗಾರ, ಅಂದರೆ ಸೆಂಟರ್, ಮುಂದೆ ಬಂದು ನಮ್ಮ ಗಾರ್ಡ್‌ನ ದಾರಿಗೆ ಅಡ್ಡ ನಿಲ್ಲುತ್ತಾನೆ. ನಮ್ಮವನು ಆ ಗೋಡೆಗೆ ಸಿಕ್ಕಿಬೀಳುತ್ತಾನೆ, ಚೆಂಡಿನವನು ಬಿಡುಗಡೆಯಾಗಿ ಒಳಗೆ ನುಗ್ಗುತ್ತಾನೆ. ಇದೇ ‘ಪಿಕ್ ಅಂಡ್ ರೋಲ್’. ಈಗ ನಮ್ಮ ಸೆಂಟರ್ ಅರೆಕ್ಷಣದಲ್ಲಿ ತೀರ್ಮಾನಿಸಬೇಕು. ಮುಂದೆ ಬಂದರೆ ಬೆನ್ನ ಹಿಂದಿನಿಂದ ಅವರ ಸೆಂಟರ್ ರಿಂಗ್ ಕಡೆ ಓಡುತ್ತಾನೆ. ಒಂದು ಪಾಸ್ ಸಾಕು, ಎರಡು ಅಂಕ. ಹಿಂದೆ ನಿಂತರೆ ಚೆಂಡಿನವನು ಅಲ್ಲಿಂದಲೇ ಶಾಟ್ ಹೊಡೆಯುತ್ತಾನೆ. ಒಳ್ಳೆಯ ಸೆಂಟರ್ ಎರಡರ ನಡುವೆ, ಅಗಲ ಕಾಲಿನಲ್ಲಿ, ಸೊಂಟ ತಗ್ಗಿಸಿ, ಪಕ್ಕಕ್ಕೆ ಜಾರುತ್ತ ಹಿಂದೆ ಸರಿಯುತ್ತಾನೆ. ಒಂದು ಕೈ ಚೆಂಡಿನ ಕಡೆ, ಇನ್ನೊಂದು ಪಾಸ್ ಬರುವ ದಾರಿಯ ಕಡೆ. ಮೂರೋ ನಾಲ್ಕೋ ಹೆಜ್ಜೆಯ ಕೆಲಸ. ಒಂದು ಪಂದ್ಯದಲ್ಲಿ ಇದು ಹತ್ತಾರು ಸಲ ಬರುತ್ತದೆ.

ಈ ಹೆಜ್ಜೆಗಳನ್ನು ಹೇಳಿಕೊಟ್ಟು ಕಲಿಸಬಹುದು, ಆದರೆ ಯಾವಾಗ ಯಾವುದನ್ನು ಇಡಬೇಕೆಂಬುದು ಪಂದ್ಯದಲ್ಲೇ ಮೈಗೂಡಬೇಕು. ನೂರು ಸಲ ಮೋಸಹೋದ ಮೇಲೆ ನೂರೊಂದನೆಯ ಸಲ ಕಾಲು ತಾನಾಗಿ ಸರಿಯಾದ ಕಡೆ ಹೋಗುತ್ತದೆ. ಆ ನೂರು ಸಲ ಸತ್ನಾಮ್‌ಗೆ ಎಲ್ಲಿ ಸಿಗಬೇಕಿತ್ತು? ಭಾರತದಲ್ಲಿ ಲೀಗ್ ಇರಲಿಲ್ಲ. ಕಾಲೇಜು ತಪ್ಪಿತ್ತು. ಡಿ-ಲೀಗ್‌ನಲ್ಲಿ ಗೆಲ್ಲಬೇಕಾದ ಕೋಚ್, ಮೇಲೇರಲು ತವಕಿಸುವ ಹತ್ತು ಹುಡುಗರು. ಕಲಿಯಲು ಆಡಬೇಕು, ಆಡಲು ಕಲಿತಿರಬೇಕು ಎಂಬ ಸುಳಿಯಲ್ಲಿ ಅವನು ಸಿಕ್ಕಿಕೊಂಡ.

ಇನ್ನೊಂದು ದುರದೃಷ್ಟವೂ ಇತ್ತು. ಎನ್‌ಬಿಎ ತಂಡಗಳು ಕೆಳಹಂತದ ಕೆಲವು ಆಟಗಾರರನ್ನು ಉತ್ತಮ ಸಂಬಳದ ಮೇಲೆ ತಮ್ಮಲ್ಲೇ ಇಟ್ಟುಕೊಂಡು ಬೆಳೆಸುವ ‘ಟೂ-ವೇ’ ಒಪ್ಪಂದ ಜಾರಿಗೆ ಬಂದದ್ದು 2017-18ರಲ್ಲಿ, ಸತ್ನಾಮ್ ಲೆಜೆಂಡ್ಸ್ ಬಿಟ್ಟ ಮರುಸೀಸನ್ನಿನಲ್ಲಿ. ನಿಧಾನವಾಗಿ ಮಾಗುವ ಎತ್ತರದ ಹುಡುಗರಿಗೆಂದೇ ಮಾಡಿದಂತಿದ್ದ ವ್ಯವಸ್ಥೆ ಅವನ ಪಾಲಿಗೆ ಒಂದು ವರ್ಷ ತಡವಾಯಿತು.

ಯಾವೊ ಮತ್ತು ಡರ್ಕ್

ಮೊದಲ ಸೀಸನ್ ನೋಡಿ ಎತ್ತರದ ಆಟಗಾರನ ಭವಿಷ್ಯ ಹೇಳುವುದು ಎಷ್ಟು ಅಪಾಯ ಎಂಬುದಕ್ಕೆ ಡಲ್ಲಾಸ್‌ನಲ್ಲೇ ಸಾಕ್ಷಿ ಇತ್ತು. 1998ರ ಡ್ರಾಫ್ಟ್‌ನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನ ಡರ್ಕ್ ನೊವಿಟ್ಸ್ಕಿಯನ್ನು ಆ ತಂಡ ತಂದಿತು. ಏಳಡಿಯ ಇಪ್ಪತ್ತರ ಹುಡುಗ. ಮಾಲೀಕರು ಮತ್ತು ಆಟಗಾರರ ಜಗಳದಿಂದ 50 ಪಂದ್ಯಕ್ಕೆ ಇಳಿದಿದ್ದ ಆ ಸೀಸನ್ನಿನಲ್ಲಿ ಅವನ ಸರಾಸರಿ 8.2 ಅಂಕ. ಮೈಕೈ ಗಟ್ಟಿಯಿಲ್ಲ, ಡಿಫೆನ್ಸ್ ಬರುವುದಿಲ್ಲ ಎಂದರು. ಊರಿಗೆ ಮರಳಿಬಿಡಲೇ ಎಂದು ಅವನೇ ಯೋಚಿಸಿದ. ಮರುವರ್ಷ ಸರಾಸರಿ 17.5ಕ್ಕೆ ಏರಿತು. 2007ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ, 2011ರಲ್ಲಿ ಚಾಂಪಿಯನ್. ಇಪ್ಪತ್ತೊಂದು ಸೀಸನ್ ಒಂದೇ ತಂಡಕ್ಕೆ ಆಡಿ 31,560 ಅಂಕ ಗಳಿಸಿ 2019ರಲ್ಲಿ ನಿವೃತ್ತನಾದ. ಡರ್ಕ್‌ನನ್ನು ಗುರುತಿಸಿ ತಂದ ಡಾನಿ ನೆಲ್ಸನ್ ಅವರೇ 2015ರಲ್ಲಿ ಸತ್ನಾಮ್‌ನನ್ನೂ ಆರಿಸಿದವರು. ಹದಿನೇಳು ವರ್ಷ ಹಿಂದೆ ಫಲಿಸಿದ ತಾಳ್ಮೆ ಮತ್ತೆ ಫಲಿಸೀತು ಎಂಬ ನಂಬಿಕೆ ಅವರಿಗಿದ್ದಿರಬೇಕು.

ಆದರೆ ಡರ್ಕ್ ಬರಿಗೈಯಲ್ಲಿ ಬಂದಿರಲಿಲ್ಲ. ಜರ್ಮನಿಯ ಎರಡನೆಯ ದರ್ಜೆಯ ಲೀಗಿನಲ್ಲಿ ಊರಿನ ಕ್ಲಬ್ಬಿಗೆ ದೊಡ್ಡವರೆದುರು ಆಡಿದ್ದ. ಹೋಲ್ಗರ್ ಗೆಶ್ವಿಂಡ್ನರ್ ಎಂಬ ಗುರು ಹರೆಯದಿಂದಲೇ ಅವನ ಶಾಟ್ ತಿದ್ದಿದ್ದರು. ನಿವೃತ್ತಿಯವರೆಗೂ ತಿದ್ದುತ್ತಲೇ ಇದ್ದರು.

ಚೀನಾದ ಯಾವೊ ಮಿಂಗ್‌ನ ಕಥೆ ಇನ್ನೂ ಸ್ಪಷ್ಟ. ಏಳಡಿ ಆರಂಗುಲದ ಯಾವೊ 2002ರ ಡ್ರಾಫ್ಟ್‌ನಲ್ಲಿ ಮೊದಲನೆಯ ಹೆಸರು. ಹ್ಯೂಸ್ಟನ್ ರಾಕೆಟ್ಸ್‌ಗೆ ಆಡಿದ ಮೊದಲ ಪಂದ್ಯದಲ್ಲಿ ಅವನ ಅಂಕ ಸೊನ್ನೆ. ಟೀಕಾಕಾರರಿಗೆ ಹಬ್ಬ. ಮಾಜಿ ಆಟಗಾರ ಚಾರ್ಲ್ಸ್ ಬಾರ್ಕ್ಲಿ, ಇವನು ಈ ಸೀಸನ್ನಿನಲ್ಲಿ ಒಂದು ಪಂದ್ಯದಲ್ಲೂ 19 ಅಂಕ ಗಳಿಸಲಾರ ಎಂದು ಟಿವಿಯಲ್ಲೇ ಪಣ ಕಟ್ಟಿದರು. ಮೂರು ವಾರ ಕಳೆಯುವುದರೊಳಗೆ ಲೇಕರ್ಸ್ ಎದುರು ಯಾವೊ ಒಂಬತ್ತಕ್ಕೆ ಒಂಬತ್ತು ಶಾಟ್ ಹಾಕಿ 20 ಅಂಕ ಗಳಿಸಿದ. ಆ ಸೀಸನ್ನಿನ 82 ಪಂದ್ಯಗಳನ್ನೂ ಆಡಿ, ಸರಾಸರಿ 13.5 ಅಂಕ, 8.2 ರಿಬೌಂಡ್ ಗಳಿಸಿದ.

ಆ ಚೇತರಿಕೆ ಎಲ್ಲಿಂದ ಬಂತು? ಯಾವೊನ ತಂದೆ ತಾಯಿ ಇಬ್ಬರೂ ಬಾಸ್ಕೆಟ್‌ಬಾಲ್ ಆಟಗಾರರು. ತಾಯಿ ಫಾಂಗ್ ಫೆಂಗ್ಡಿ ಚೀನಾ ಮಹಿಳಾ ತಂಡದ ನಾಯಕಿಯಾಗಿದ್ದವರು. ಹದಿನೇಳಕ್ಕೇ ಅವನು ಶಾಂಘೈ ಶಾರ್ಕ್ಸ್ ಪರ ಚೀನಾದ ವೃತ್ತಿಪರ ಲೀಗ್‌ನಲ್ಲಿ ಆಡತೊಡಗಿದ. ಮೊದಲ ಸೀಸನ್ನಿನಲ್ಲಿ ಸರಾಸರಿ 10 ಅಂಕ. ಐದನೆಯ ಸೀಸನ್ನಿನಲ್ಲಿ, 2001-02ರಲ್ಲಿ, 32.4 ಅಂಕ ಮತ್ತು 19 ರಿಬೌಂಡ್, ಜೊತೆಗೆ ತಂಡಕ್ಕೆ ಪ್ರಶಸ್ತಿ. ಲೋಕ ಅವನ ಮೊದಲ ಸೀಸನ್ ಎಂದು ನೋಡಿದ್ದು ಅವನ ಆರನೆಯ ಸೀಸನ್ ಆಗಿತ್ತು. ಎಡವಿ ಏಳುವುದನ್ನು ಅವನು ಊರಲ್ಲೇ ಮುಗಿಸಿ ಬಂದಿದ್ದ.

ಈ ಮೂವರನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎತ್ತರದಲ್ಲಿ ಹೆಚ್ಚು ಅಂತರವಿಲ್ಲ. ಅಂತರ ಇರುವುದು ಹದಿನಾರರಿಂದ ಇಪ್ಪತ್ತರೊಳಗೆ ಆಡಿದ ಪಂದ್ಯಗಳಲ್ಲಿ. ಹೊಸ ಆಟಗಾರನ ಮೊದಲ ಸೀಸನ್ನಿನ ಅಂಕಿಗಳನ್ನು ನಾವು ಮುಂದಿನ ಭವಿಷ್ಯವೆಂದು ಓದುತ್ತೇವೆ. ಅವು ಹೇಳುವುದು ಅವನ ಹಿಂದಿನ ಹತ್ತು ವರ್ಷದ ವಿಚಾರ: ಯಾರು ಕಲಿಸಿದರು, ಎಷ್ಟು ಆಡಿಸಿದರು, ಯಾರೆದುರು ಆಡಿಸಿದರು.

ಆಟವೇ ಬದಲಾದ ವರ್ಷ

ಸತ್ನಾಮ್ ಕಾಲಿಟ್ಟ ಗಳಿಗೆಯೂ ಕಠಿಣವಾದದ್ದು. ಅವನ ಹೆಸರು ಕೂಗುವ ಒಂಬತ್ತು ದಿನ ಮೊದಲು, ಜೂನ್ 16ರಂದು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎನ್‌ಬಿಎ ಚಾಂಪಿಯನ್ ಆಗಿತ್ತು. ಫೈನಲ್ ಸರಣಿಯಲ್ಲಿ 2–1ರಿಂದ ಹಿಂದೆ ಬಿದ್ದಿದ್ದ ಆ ತಂಡ ನಾಲ್ಕನೆಯ ಪಂದ್ಯಕ್ಕೆ ಏಳಡಿಯ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಬೆಂಚಿನಲ್ಲಿ ಕೂರಿಸಿ, ಅವನಿಗಿಂತ ಅಂಗುಲಗಟ್ಟಲೆ ಗಿಡ್ಡನಾದ ಡ್ರೇಮಂಡ್ ಗ್ರೀನ್‌ಗೆ ಆ ಜಾಗ ಕೊಟ್ಟಿತು. ಸರಣಿ ತಿರುಗಿತು. ಓಟ ಮತ್ತು ದೂರದ ಶಾಟ್ ಇದ್ದರೆ ದೈತ್ಯ ದೇಹ ಬೇಡ ಎಂದು ಎಲ್ಲ ತಂಡಗಳೂ ಅಂದುಕೊಂಡ ಬೇಸಿಗೆ ಅದು.

ಯಾವೊ ಬಂದ ಕಾಲಕ್ಕೆ ಒಂದು ತಂಡ ಪಂದ್ಯಕ್ಕೆ 15ರ ಆಸುಪಾಸು ಮೂರಂಕದ ಶಾಟ್ ಹೊಡೆಯುತ್ತಿತ್ತು. 2014-15ಕ್ಕೆ ಅದು 22 ದಾಟಿತು, 2023-24ಕ್ಕೆ 35ಕ್ಕೆ ಏರಿತು. ಎನ್‌ಬಿಎಯ ಮೂರಂಕದ ಗೆರೆ ರಿಂಗ್‌ನಿಂದ 7.24 ಮೀಟರ್ ದೂರ. ಸೆಂಟರ್ ಅಷ್ಟು ದೂರ ಹೊರಬಂದು ಕಾಯಬೇಕು, ಮತ್ತೆ ಒಳಗೆ ಓಡಬೇಕು. ರಿಂಗ್ ಕೆಳಗೆ ಬಂಡೆಯಂತೆ ನಿಲ್ಲುವುದನ್ನು ಕಲಿತ ಹುಡುಗ ತನ್ನ ಪಾಠ ಮುಗಿಸುವ ಹೊತ್ತಿಗೆ ಪರೀಕ್ಷೆಯ ವಿಷಯವೇ ಬೇರೆಯಾಗಿತ್ತು.

ಹಾಗೆಂದು ಎತ್ತರದ ಕಾಲ ಮುಗಿಯಲಿಲ್ಲ. ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮಾ 2023-24ರ ತನ್ನ ಮೊದಲ ಸೀಸನ್ನಿನಲ್ಲಿ 71 ಪಂದ್ಯ ಆಡಿ ಸರಾಸರಿ 21.4 ಅಂಕ, 10.6 ರಿಬೌಂಡ್, 3.6 ಬ್ಲಾಕ್ ಗಳಿಸಿ ಸರ್ವಾನುಮತದಿಂದ ವರ್ಷದ ಹೊಸ ಆಟಗಾರನಾದ. ಆ ಸೀಸನ್ನಿನ ಮೊದಲ ವಾರಗಳಲ್ಲಿ ಸ್ಯಾನ್ ಆಂಟೋನಿಯೊ ತಂಡ ಅವನನ್ನು ಬೇರೊಬ್ಬ ಸೆಂಟರ್‌ನ ಪಕ್ಕದಲ್ಲಿ ಆಡಿಸಿತು. ಡಿಸೆಂಬರ್‌ನಲ್ಲಿ ಅವನಿಗೇ ಸೆಂಟರ್ ಜಾಗ ಕೊಟ್ಟ ಮೇಲೆ ಆಟ ಅರಳಿತು. ತಂಡ ಮಾತ್ರ 82ರಲ್ಲಿ 60 ಪಂದ್ಯ ಸೋತಿತು. ಸೋಲುತ್ತಲೇ ಒಬ್ಬ ಹುಡುಗನನ್ನು ಬೆಳೆಸುವ ತಾಳ್ಮೆ ಅದು. ವೆಂಬನ್ಯಾಮಾ ಕೂಡ ಹದಿನೈದಕ್ಕೇ ಫ್ರಾನ್ಸಿನ ವೃತ್ತಿಪರ ಕ್ಲಬ್ಬಿನಲ್ಲಿ ಅಂಗಳಕ್ಕಿಳಿದವನು. ಕಾಲ ಬದಲಾದರೂ ಈ ಒಂದು ಅಂಶ ಬದಲಾಗಲಿಲ್ಲ.

ಜೊತೆಗಾರರು

ಸತ್ನಾಮ್ ಒಬ್ಬನೇ ಅಲ್ಲ. ಟೊರಾಂಟೊದಲ್ಲಿ ಪಂಜಾಬಿ ಮನೆಯಲ್ಲಿ ಹುಟ್ಟಿದ ಸಿಮ್ ಭುಲ್ಲರ್ ಏಳಡಿ ಐದಂಗುಲದವನು. ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎರಡು ಸೀಸನ್ ಆಡಿದ. ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಡಿ-ಲೀಗ್‌ನ ರೀನೊ ತಂಡದಲ್ಲಿ ಸರಾಸರಿ 10.3 ಅಂಕ, 8.8 ರಿಬೌಂಡ್, 3.9 ಬ್ಲಾಕ್ ಗಳಿಸಿ, 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಮೂರು ಪಂದ್ಯ ಆಡಿದ. ಭಾರತೀಯ ಮೂಲದವನೊಬ್ಬ ಎನ್‌ಬಿಎ ಅಂಗಳಕ್ಕಿಳಿದದ್ದು ಅದೇ ಮೊದಲು. ಆಮೇಲೆ ತೈವಾನ್‌ಗೆ ಹೋಗಿ ಅಲ್ಲಿ ವರ್ಷಗಟ್ಟಲೆ ಆಡಿದ.

ಅಮೃತಸರ ಬಳಿಯ ಫತ್ತೂವಾಲದ ಅಮೃತಪಾಲ್ ಸಿಂಗ್ ರೈತರ ಮಗ. ಬಾಸ್ಕೆಟ್‌ಬಾಲ್ ಮುಟ್ಟಿದ್ದೇ ಹತ್ತೊಂಬತ್ತರ ಸುಮಾರಿಗೆ. ಅಷ್ಟು ತಡವಾಗಿ ಶುರುಮಾಡಿಯೂ 2017-18ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ಸೇರಿದ. ಗುರುದಾಸಪುರ ಕಡೆಯ ಪ್ರಿನ್ಸ್‌ಪಾಲ್ ಸಿಂಗ್ ಲೂಧಿಯಾನಾದಲ್ಲೇ ಕಲಿತು, ಎನ್‌ಬಿಎ ಅಕಾಡೆಮಿಗಳ ಮೂಲಕ ಬೆಳೆದು, 2020ರಲ್ಲಿ ಜಿ-ಲೀಗ್ (ಡಿ-ಲೀಗ್‌ನ ಹೊಸ ಹೆಸರು) ಇಗ್ನೈಟ್ ತಂಡಕ್ಕೆ ಆಯ್ಕೆಯಾದ. ಅವನ ಮೊದಲ ಸೀಸನ್ ಕೋವಿಡ್ ಕಾಲದಲ್ಲಿ, ಆರ್ಲ್ಯಾಂಡೊದ ಮುಚ್ಚಿದ ಅಂಗಳದಲ್ಲಿ ನಡೆಯಿತು. ಆಡಲು ಸಿಕ್ಕಿದ್ದು ಕೆಲವೇ ನಿಮಿಷ. 2021ರ ಆಗಸ್ಟ್‌ನಲ್ಲಿ ಸಮ್ಮರ್ ಲೀಗ್ ಗೆದ್ದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದಲ್ಲಿ ಅವನಿದ್ದ.

ಸತ್ನಾಮ್ 2017ರಲ್ಲಿ ಭಾರತಕ್ಕೆ ಮರಳಿ ಯುಬಿಎ ಲೀಗ್‌ನಲ್ಲಿ ಆಡಿದ. ಬೆಂಗಳೂರು ಬೀಸ್ಟ್, ಹೈದರಾಬಾದ್ ಸ್ಕೈ ಎಂಬ ತಂಡಗಳೂ ಇದ್ದ ಆ ಲೀಗ್ 2015ರಲ್ಲಿ ಹುಟ್ಟಿ, ಕೆಲವೇ ಸೀಸನ್‌ಗಳಲ್ಲಿ ನಿಂತುಹೋಯಿತು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಭಾರತದ ತಂಡದಲ್ಲಿ ಹೋದ. 2018-19ರಲ್ಲಿ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ ಆಡಿದ. 2019ರ ನವೆಂಬರ್‌ನ ಡೋಪಿಂಗ್ ಪರೀಕ್ಷೆಯಲ್ಲಿ ನಿಷೇಧಿತ ಪದಾರ್ಥ ಕಂಡುಬಂದು ಎರಡು ವರ್ಷ ಆಟದಿಂದ ಹೊರಗಿರಬೇಕಾಯಿತು. ನಿಷೇಧ ಮುಗಿಯುವ ಹೊತ್ತಿಗೆ ಅವನಿಗೆ ಇಪ್ಪತ್ತಾರು ತುಂಬುತ್ತಿತ್ತು. ಎತ್ತರದ ಆಟಗಾರರು ಮಾಗುವ ವಯಸ್ಸು ಅದು. ಅಷ್ಟರೊಳಗೆ ಅವನು ಅಮೆರಿಕದ ವೃತ್ತಿಪರ ಕುಸ್ತಿಗೆ ಒಪ್ಪಂದ ಮಾಡಿಕೊಂಡಿದ್ದ. 2022ರಲ್ಲಿ ಎಇಡಬ್ಲ್ಯು ಎಂಬ ಕುಸ್ತಿ ಕಂಪನಿಯ ರಿಂಗ್‌ಗೆ ಇಳಿದ. ಬಾಸ್ಕೆಟ್‌ಬಾಲ್‌ಗೆ ಬೇಡವಾದ ದೇಹವನ್ನು ಇನ್ನೊಂದು ಅಂಗಳ ಕರೆದು ಕೂರಿಸಿಕೊಂಡಿತು.

ಗಡಿಯ ಈಚೆ

ಈ ಚರಿತ್ರೆಯಿಂದ ಜಹೀರಾಬಾದಿನ, ನಾರಾಯಣಖೇಡದ, ತಾಂಡೂರಿನ ಶಾಲೆಗಳಿಗೆ ಬರುವ ಮಾತುಗಳು ಸ್ಪಷ್ಟವಾಗಿವೆ.

ಮೊದಲನೆಯದು, ಹುಡುಕಬೇಕು, ಬೇಗ ಹುಡುಕಬೇಕು. ತೆಲಂಗಾಣದ ಹಕೀಂಪೇಟೆ ಕ್ರೀಡಾಶಾಲೆ ನಾಲ್ಕನೆಯ ತರಗತಿಗೆ ಮಕ್ಕಳನ್ನು ಆರಿಸುವಾಗ ಎತ್ತರ, ತೂಕ ಅಳೆದು, ಓಟ, ಜಿಗಿತ ನೋಡುತ್ತದೆ. ವಯಸ್ಸು ಸರಿಯಾದದ್ದೇ. ಗಡಿಯ ಹಳ್ಳಿಯ ಪಾಲಕರಿಗೆ ಆ ಸುದ್ದಿ ಅವರ ಮನೆಮಾತಿನಲ್ಲಿ, ಸಮಯಕ್ಕೆ ಸರಿಯಾಗಿ ಮುಟ್ಟಬೇಕು. ಹುಡುಕಿದರೆ ಏನು ಸಿಗುತ್ತದೆ ಎಂಬುದಕ್ಕೆ ತೆಲಂಗಾಣದಲ್ಲೇ ಉದಾಹರಣೆ ಇದೆ. ನಿಜಾಮಾಬಾದ್ ಸೀಮೆಯ ಬಡ ಮನೆಯ ಮಾಲಾವತ್ ಪೂರ್ಣಾಳನ್ನು ಗುರುಕುಲ ಶಾಲೆಯಿಂದ ಆರಿಸಿ ತರಬೇತಿ ಕೊಟ್ಟರು. 2014ರ ಮೇ 25ರಂದು, ಹದಿಮೂರರ ವಯಸ್ಸಿಗೆ, ಅವಳು ಎವರೆಸ್ಟ್ ಏರಿದಳು.

ಎರಡನೆಯದು, ಎತ್ತರದ ಮಗುವನ್ನು ರಿಂಗ್ ಕೆಳಗೆ ನಿಲ್ಲಿಸಿಬಿಡಬಾರದು. ಸಣ್ಣ ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ ರಿಂಗ್ ಎತ್ತರ 2.60 ಮೀಟರ್, ಚೆಂಡು ಚಿಕ್ಕದು, ದೊಡ್ಡವರಿಗೆ 3.05 ಮೀಟರ್. ಆ ಚಿಕ್ಕ ಅಂಗಳದಲ್ಲಿ ಎಲ್ಲರೂ ಚೆಂಡು ಬಡಿಯಬೇಕು, ಪಾಸ್ ಕೊಡಬೇಕು, ಪಕ್ಕಕ್ಕೆ ಜಾರಬೇಕು. ‘ನೀ ಎತ್ತರ ಇದ್ದಿ, ಅಲ್ಲೇ ನಿಂದರು’ ಎಂದು ಹನ್ನೊಂದರ ಹುಡುಗನಿಗೆ ಹೇಳಿದ ಮೇಷ್ಟ್ರು ಶಾಲೆಗೆ ಒಂದು ಕಪ್ ಗೆಲ್ಲಿಸಿಕೊಟ್ಟಾರು, ಆದರೆ ಹುಡುಗನ ಕಾಲನ್ನು ಅಲ್ಲೇ ಕಟ್ಟಿಹಾಕಿದಂತೆ. ಬೇಗ ಬೆಳೆಯುವ ಮಕ್ಕಳ ಮೊಣಕಾಲು, ಪಾದಗಳಿಗೆ ಬಿಡುವೂ ಬೇಕು. ಬೇಸಿಗೆಯೆಲ್ಲ ದೇಶಕ್ಕೆ, ಉಳಿದ ಕಾಲ ಕ್ಲಬ್ಬಿಗೆ ಎಂದು ಆಡಿದ ಯಾವೊ ಪಾದದ ಮೂಳೆ ಮುರಿದು ಮೂವತ್ತಕ್ಕೇ ನಿವೃತ್ತನಾದ.

ಮೂರನೆಯದು, ಓದು ಬಿಡಿಸಬಾರದು. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದಳು. ಅವಳಿಗೆ ಆ ಬಾಗಿಲು ತೆರೆದದ್ದು ಆಟದ ಜೊತೆ ಓದೂ ಇದ್ದದ್ದರಿಂದ. ಸತ್ನಾಮ್‌ಗೆ ಮುಚ್ಚಿದ ಬಾಗಿಲು ಅದೇ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪಂದ್ಯ. ಶಿಬಿರ, ಪ್ರಮಾಣಪತ್ರ, ಸನ್ಮಾನ ಯಾವುದೂ ಪಂದ್ಯದ ಜಾಗ ತುಂಬುವುದಿಲ್ಲ. ಬೀದರ್ ಮತ್ತು ಜಹೀರಾಬಾದ್ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ತಾಂಡೂರಿನಿಂದ ಸೇಡಂ, ಚಿಂಚೋಳಿಯೂ ದೂರವಲ್ಲ. ರಾಜ್ಯ ಎರಡಾದರೂ ಶಾಲೆಗಳು ತಮ್ಮತಮ್ಮಲ್ಲೇ ಕೂಡಿ ವಾರಕ್ಕೊಂದು ಪಂದ್ಯ ಆಡಿಸಲು ಯಾವ ಸರ್ಕಾರದ ಅಪ್ಪಣೆಗೂ ವರ್ಷಗಟ್ಟಲೆ ಕಾಯಬೇಕಿಲ್ಲ. ಗಡಿಯಾಚೆ ಈಚೆ ಮದುವೆ ಆಗುತ್ತವೆ, ಸಂತೆ ಆಗುತ್ತದೆ, ಜಾತ್ರೆ ಆಗುತ್ತದೆ. ಪಂದ್ಯವೂ ಆಗಬೇಕು.

ಸತ್ನಾಮ್ ಸಿಂಗ್ ಸೋತ ಎಂದು ಬರೆಯುವುದು ಅನ್ಯಾಯ. ಹತ್ತಕ್ಕೆ ಮನೆ ಬಿಟ್ಟ, ಹದಿನಾಲ್ಕಕ್ಕೆ ದೇಶ ಬಿಟ್ಟ, ಗೊತ್ತಿಲ್ಲದ ಭಾಷೆಯಲ್ಲಿ ಆಟ ಕಲಿತ, ಹತ್ತೊಂಬತ್ತಕ್ಕೆ ಇಡೀ ದೇಶದ ನಿರೀಕ್ಷೆ ಹೊತ್ತ. ತನ್ನ ಪಾಲಿನ ಕೆಲಸವನ್ನು ಅವನು ಮಾಡಿದ. ಚೀನಾ ಯಾವೊನಿಗೆ, ಜರ್ಮನಿ ಡರ್ಕ್‌ಗೆ, ಫ್ರಾನ್ಸ್ ವೆಂಬನ್ಯಾಮಾಗೆ ಕೊಟ್ಟ ಲೀಗನ್ನು ನಾವು ಅವನಿಗೆ ಕೊಡಲಿಲ್ಲ. ಮುಂದೆ ಯಾವುದೋ ಹಳ್ಳಿಯ ಏಳಡಿಯ ಹುಡುಗ ದೊಡ್ಡ ಅಂಗಳಕ್ಕೆ ಕಾಲಿಟ್ಟಾಗ ಅವನ ಮೊದಲ ಸೀಸನ್ ಹೇಗಿತ್ತು ಎಂದು ಕೇಳುವ ಹಕ್ಕು ನಮಗೆ ಬರಬೇಕಾದರೆ, ಅವನಿಗೆ ಅದಕ್ಕೂ ಮೊದಲು ಐದು ಸೀಸನ್ ನಮ್ಮ ಊರುಗಳಲ್ಲೇ ಆಡಲು ಸಿಕ್ಕಿರಬೇಕು.